ಹೆಡ್‌ಫೋನ್‌ನಲ್ಲಿ ಚೆಂದ, ಮಾಮಾನ ಮೊಬೈಲ್‌ನಲ್ಲಿ ಬರೀ ಪೇಟಿ. ಎಲ್ಲಿ ತಪ್ಪಿದೆ?

ಬೆಟಗೇರಿ_ಪ್ರೂಫ್
(ಭಾನುವಾರ, ರಾತ್ರಿ 11:40)

ನಮಸ್ಕಾರ. ಮನೆಯಲ್ಲೇ ಒಂದು ತತ್ವಪದ ರೆಕಾರ್ಡ್ ಮಾಡಿದ್ದೇನೆ, ಅದರ ಮಿಕ್ಸಿಂಗ್ (ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಕೂಡಿಸುವುದು) ಕೈಗೆ ಹತ್ತುತ್ತಿಲ್ಲ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಬೆಟಗೇರಿಯವನು. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಹದಿನೇಳು ವರ್ಷದಿಂದ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಬಿಲ್‌ಬುಕ್, ಏನು ಬಂದರೂ ಸರಿ. ಸಂಗೀತ ಕಲಿತವನಲ್ಲ. ಅಮಾವಾಸ್ಯೆ ಭಜನೆಯಲ್ಲಿ ತತ್ವಪದ ಹಾಡುತ್ತೇನೆ, ಅಷ್ಟೇ. ಮಾಮಾ ಪೇಟಿ (ಹಾರ್ಮೋನಿಯಂ) ನುಡಿಸುತ್ತಾರೆ. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ ಆಗಿದ್ದವರು, ಕೈ ಇನ್ನೂ ಜೋರು. ತಬಲಾಕ್ಕೆ ಪಕ್ಕದ ಮನೆ ಹುಡುಗ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಮ್ಮದು, ಪೇಟಿ-ತಬಲಾದವರಿಗೆ ಬರ ಇಲ್ಲ. ಮಿಕ್ಸಿಂಗ್ ಹೇಳಿಕೊಡುವವರಿಗೆ ಮಾತ್ರ ಬರ.

ಇರುವ ಸಾಮಾನು: ಎರಡು ಇನ್‌ಪುಟ್‌ನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ), ಒಂದು ಕಂಡೆನ್ಸರ್ ಮೈಕ್, ಭಜನಾ ಮಂಡಳಿಯ ಹಳೇ ಡೈನಾಮಿಕ್ ಮೈಕ್ (ಎರವಲು), ಕಿವಿ ಮುಚ್ಚುವ ಹೆಡ್‌ಫೋನ್, ಲ್ಯಾಪ್‌ಟಾಪ್‌ನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಕೋಣೆ ಹತ್ತಡಿಗೆ ಹತ್ತಡಿ, ಆರ್‌ಸಿಸಿ. ಎಡಗಡೆ ಮನೆಯಲ್ಲಿ ಮಗ್ಗ ಇದೆ, ಅದು ನಿಲ್ಲುವುದು ರಾತ್ರಿ ಒಂಬತ್ತಕ್ಕೆ. ಹಾಗಾಗಿ ನನ್ನ ಕೆಲಸ ಏನಿದ್ದರೂ ಒಂಬತ್ತರ ಮೇಲೆ.

ಮೊದಲು ಪೇಟಿ ರೆಕಾರ್ಡ್ ಮಾಡಿದೆವು, ಆಮೇಲೆ ತಬಲಾ, ಕೊನೆಗೆ ನನ್ನ ದನಿ. ಹನ್ನೊಂದು ರಾತ್ರಿ ಕೂತು ಮಿಕ್ಸ್ ಮಾಡಿದೆ. ಹೆಡ್‌ಫೋನ್‌ನಲ್ಲಿ ಕೇಳಿ ನನಗೇ ಕಣ್ಣಲ್ಲಿ ನೀರು ಬಂತು. ಮಾರನೇ ಬೆಳಿಗ್ಗೆ ಚಹಾದಂಗಡಿಯಲ್ಲಿ ಮಾಮಾನ ಮೊಬೈಲ್‌ಗೆ ಹಾಕಿದೆ. ಬರೀ ಪೇಟಿ! ನನ್ನ ದನಿ ಬಾವಿಯೊಳಗಿಂದ ಕೂಗಿದ ಹಾಗೆ. ಡಗ್ಗಾ (ತಬಲಾ ಜೋಡಿಯಲ್ಲಿ ಗುಂ ಅನ್ನುವ ದೊಡ್ಡದು) ಇಲ್ಲವೇ ಇಲ್ಲ. ಮಾಮಾ ಮಾತ್ರ ಖುಷಿಯಿಂದ "ಮಸ್ತ್ ಬಂದದ ನೋಡು" ಅಂದರು. ಅವರಿಗೇನು, ಅವರ ಪೇಟಿ ಕೇಳುತ್ತಿದೆಯಲ್ಲ.

ಮನೆಗೆ ಬಂದು ಡಗ್ಗಾಕ್ಕೆ 60 ಹರ್ಟ್ಜ್‌ನಲ್ಲಿ (ತೀರಾ ಕೆಳಗಿನ ಸ್ವರ) 9 ಡಿಬಿ (ಡೆಸಿಬಲ್, ಜೋರಿನ ಅಳತೆ) ಏರಿಸಿದೆ. ಮೊಬೈಲ್‌ನಲ್ಲಿ ಆಗಲೂ ಬರಲಿಲ್ಲ. ಆದರೆ ಲಕ್ಕುಂಡಿಗೆ ಹೋಗುವಾಗ ಗೆಳೆಯನ ಕಾರಿನಲ್ಲಿ ಹಾಕಿದರೆ ಬಾಗಿಲಿನ ಪ್ಯಾನಲ್ ನಡುಗಿತು. ಗೆಳೆಯ ಕೇಳಿದ, "ಇದು ತತ್ವಪದಾನೋ ಡಿಜೆನೋ?"

ಆಮೇಲೆ ಹಾಡು ಸಣ್ಣ ದನಿಯಲ್ಲಿದೆ ಅನಿಸಿ ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಜಗ್ಗಿದೆ, ಜಗ್ಗಿದೆ, ಕೆಂಪು ಬರುವವರೆಗೆ. ಯೂಟ್ಯೂಬ್‌ಗೆ ಏರಿಸಿದೆ. ಅಲ್ಲೂ ಬೇರೆಯವರ ಹಾಡಿಗಿಂತ ನನ್ನದೇ ಬಡಕಲು! ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ನೋಡಿದರೆ ವಾಲ್ಯೂಮ್ ಸಾಲಿನಲ್ಲಿ "100% / 55%", ಪಕ್ಕದಲ್ಲಿ "ಕಂಟೆಂಟ್ ಲೌಡ್‌ನೆಸ್ 5.2 ಡಿಬಿ" ಅಂತ ಇದೆ. ಅರ್ಧಕ್ಕೆ ಅರ್ಧ ಇಳಿಸಿಬಿಟ್ಟಿದ್ದಾರಾ ಹೇಗೆ?

ನನ್ನ ಕೆಲಸದಲ್ಲೂ ಇದೇ ತಲೆನೋವು ಇತ್ತು. ಪರದೆ ಮೇಲೆ ಕುಂಕುಮ ಕೆಂಪು ಕಂಡದ್ದು ಕಾಗದದ ಮೇಲೆ ಇಟ್ಟಂಗಿ ಬಣ್ಣ ಆಗುತ್ತಿತ್ತು. ಐದಾರು ವರ್ಷ ಪ್ರೂಫ್ ತೆಗೆದೂ ತೆಗೆದೂ ಈಗ ಪರದೆ ನೋಡಿದರೇ ಕಾಗದದ ಮೇಲೆ ಹೇಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಕಿವಿಗೂ ಹಾಗೆ ಐದಾರು ವರ್ಷ ಬೇಕಾ? ನನಗೀಗ ನಲವತ್ತೆರಡು.

ಕೇಳಬೇಕಾದ್ದು ಇಷ್ಟು: ದುಡ್ಡು ಸ್ಪೀಕರ್‌ಗೆ ಹಾಕಲಾ, ಕೋಣೆಗೆ ಹಾಕಲಾ? ದನಿಗೆ ಮೂರು ಕಂಪ್ರೆಸರ್ (ಜೋರಾದದ್ದನ್ನು ತಗ್ಗಿಸುವ ಸಾಧನ) ಹಾಕಿದ್ದೇನೆ, ಸಾಕಾ? ಮಾಸ್ಟರಿಂಗ್ ಅನ್ನುವುದು ಇದರಲ್ಲಿ ಎಲ್ಲಿ ಬರುತ್ತದೆ?


ವಿದ್ಯಾನಗರ_ಬೀಟ್ಸ್
(ಸೋಮವಾರ, ಬೆಳಿಗ್ಗೆ 8:15)

ಅಣ್ಣಾ, ಮೂರು ಕಂಪ್ರೆಸರ್ ನೋಡಿ ನಗು ಬಂತು, ಬೇಜಾರಾಗಬೇಡಿ. ನಾನೂ ಮೊದಲ ವರ್ಷ ಹೀಗೇ ಮಾಡಿದವನು. ಈಗ ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ, ಓದಿಗಿಂತ ಬೀಟ್ ಜಾಸ್ತಿ.

ಸುಲಭ ಇದೆ. ಡಗ್ಗಾ ಬಿಟ್ಟು ಎಲ್ಲದಕ್ಕೂ 90 ಹರ್ಟ್ಜ್ ಹೈಪಾಸ್ (ಅದರ ಕೆಳಗಿನ ಸ್ವರ ಕತ್ತರಿಸುವ ಫಿಲ್ಟರ್) ಹಾಕಿ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಇಡೀ ಹಾಡಿನ ಜೋರು ಅಳೆಯುವ ಮಾನ) ತರುತ್ತದೆ. ನಿಮ್ಮದು ಅದಕ್ಕಿಂತ 5.2 ಜೋರು, ಅಂದರೆ ಮೈನಸ್ 8.8 ಹತ್ತಿರ ಇದೆ, ಅದಕ್ಕೇ ಇಳಿಸಿದ್ದಾರೆ. ಮೈನಸ್ 14ಕ್ಕೆ ಸರಿಯಾಗಿ ಇಟ್ಟರೆ ಮುಗೀತು. ಅದನ್ನು ಅಳೆಯಲು ಯೂಲೀನ್ ಮೀಟರ್ ಅಂತ ಇದೆ, ಫ್ರೀ ವರ್ಷನ್ ಸಾಕು. ಇಕ್ಯೂಗೆ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವುದಕ್ಕೆ) ಟಿಡಿಆರ್ ನೋವಾ, ಅದೂ ಫ್ರೀ.

ಕೋಣೆಗೆ ದುಡ್ಡು ಹಾಕಬೇಡಿ. ಗೋಡೆಗೆ ಕೌದಿ ಹೊದಿಸಿ, ಸ್ಟುಡಿಯೋ ರೆಡಿ. ಉಳಿದ ದುಡ್ಡಲ್ಲಿ ದುರ್ಗದಬೈಲಿಗೆ ಬನ್ನಿ, ಗಿರಮಿಟ್ ತಿನ್ನೋಣ.


ಹಾವೇರಿ_ಸೌಂಡ್_ಸರ್ವಿಸ್
(ಸೋಮವಾರ, ಮಧ್ಯಾಹ್ನ 2:50)

ನಾನು ಪೆಂಡಾಲಿನ ಮನುಷ್ಯ. ಜಾತ್ರೆ, ಲಗ್ನ, ನಾಟಕ, ಗಣಪತಿ, ಇಪ್ಪತ್ತೆರಡು ವರ್ಷ ಆಯಿತು. ಮನೆಯಲ್ಲಿ ರೆಕಾರ್ಡಿಂಗ್ ಹುಚ್ಚು ಹತ್ತಿದ್ದು ಲಾಕ್‌ಡೌನ್‌ನಲ್ಲಿ, ಪೆಂಡಾಲೇ ಇಲ್ಲದಾಗ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಬಯಲಿನದು, ಅರ್ಧ ಕೋಣೆಯದು.

ಬೆಟಗೇರಿಯವರೇ, ಮೊದಲು ಒಂದು ಕೆಲಸ ಮಾಡಿ. ಪ್ರಾಜೆಕ್ಟಿನ ಕಾಪಿ ತೆಗೆದು, ಅದರಲ್ಲಿ ಎಲ್ಲ ಪ್ಲಗಿನ್ (ಕಂಪ್ರೆಸರ್, ಇಕ್ಯೂ, ಲಿಮಿಟರ್) ಕಿತ್ತುಹಾಕಿ. ಎಲ್ಲ ಅಂದರೆ ಎಲ್ಲ. ಫೇಡರ್ (ಪ್ರತಿ ಟ್ರ್ಯಾಕಿನ ವಾಲ್ಯೂಮ್ ಗುಂಡಿ) ಪೂರ್ತಿ ಕೆಳಗೆ ತನ್ನಿ. ಎಲ್ಲ ಟ್ರ್ಯಾಕ್ ಬಂದು ಸೇರುವ ಮಾಸ್ಟರ್ ಟ್ರ್ಯಾಕ್ ಮೊನೊ (ಎಡ-ಬಲ ಕೂಡಿ ಒಂದೇ) ಮಾಡಿ. ಹೆಡ್‌ಫೋನ್ ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲೇ ಕೇಳಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟು ಸಣ್ಣ ದನಿಯಲ್ಲಿ. ಮೊದಲು ನಿಮ್ಮ ದನಿ ಏರಿಸಿ. ಆಮೇಲೆ ತಬಲಾ. ಕೊನೆಗೆ ಪೇಟಿ, ಮೆಲ್ಲಗೆ, "ಈಗ ಕೇಳಿಸಿತು" ಅನ್ನುವ ಜಾಗಕ್ಕೆ ಬಂದ ಕೂಡಲೇ ಕೈ ಬಿಡಿ. ಇದನ್ನು ಮಾಡದೆ ಮುಂದಿನದು ಓದಬೇಡಿ.

ಸಣ್ಣ ದನಿಯಲ್ಲೇ ಯಾಕೆ? ಜೋರಾಗಿ ಕೇಳಿದರೆ ಕಿವಿಗೆ ಕೆಳಗಿನ ಸ್ವರ, ಮೇಲಿನ ಸ್ವರ ಎರಡೂ ತುಂಬಿ ಕೇಳುತ್ತವೆ. ಸಣ್ಣ ಮಾಡಿದ ಕೂಡಲೇ ಅವೇ ಮೊದಲು ಮಾಯ. ಇದನ್ನು 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು ಅಳೆದು ತೋರಿಸಿದ್ದಾರೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಜೋರು ಮಾಡಿ ಕೇಳಿದರೆ ಎಂಥ ಮಿಕ್ಸೂ ತುಂಬಿದ ಕೊಡ. ನಿಮ್ಮ ಕಣ್ಣಲ್ಲಿ ನೀರು ಬಂದದ್ದರಲ್ಲಿ ಅರ್ಧ ಪಾಲು ವಾಲ್ಯೂಮಿನದು.

ಈಗ ಡಗ್ಗಾ. ಡಗ್ಗಾದ ಗುಂ ಇರುವುದು 100 ಹರ್ಟ್ಜ್ ಆಸುಪಾಸು ಮತ್ತು ಅದರ ಕೆಳಗೆ. ಮೊಬೈಲಿನ ಸ್ಪೀಕರ್ ಅಂದರೆ ಹುಣಸೆ ಬೀಜದಷ್ಟು, ಅದಕ್ಕೆ ಆ ಸ್ವರ ಹೊರಡಿಸುವ ತಾಕತ್ತೇ ಇಲ್ಲ. 60ರಲ್ಲಿ 9 ಅಲ್ಲ, 20 ಏರಿಸಿದರೂ ಬರಲ್ಲ. ಕಾರಿನಲ್ಲಿ ದೊಡ್ಡ ಸ್ಪೀಕರ್ ಇದೆ, ಅಲ್ಲಿ ಅಷ್ಟೂ ಒಟ್ಟಿಗೆ ಬಂದು ಮುಖಕ್ಕೆ ಬಡಿಯುತ್ತದೆ. ಆ ಬೂಸ್ಟ್ ತೆಗೆಯಿರಿ. ಬದಲಿಗೆ ಡಗ್ಗಾಕ್ಕೆ ಸ್ವಲ್ಪ ಸ್ಯಾಚುರೇಶನ್ ಹಾಕಿ. ಅದು 90 ಹರ್ಟ್ಜ್ ಸ್ವರಕ್ಕೆ 180, 270 ಹೀಗೆ ಮೇಲಿನ ಮರಿಸ್ವರ ಹುಟ್ಟಿಸುತ್ತದೆ. ಮೊಬೈಲು ಅವನ್ನು ನುಡಿಸುತ್ತದೆ, ತಳದ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಚಿಟಿಕೆಯಷ್ಟೇ ಹಾಕಿ. ಡಗ್ಗಾ ಒಂದನ್ನೇ ಕೇಳಿದಾಗ ಕೊಂಚ ಒರಟು ಅನಿಸಬೇಕು, ಎಲ್ಲದರ ಜೊತೆ ಕೇಳಿದಾಗ ಗೊತ್ತಾಗಬಾರದು.

ತಬಲಾಕ್ಕೆ ಎರಡು ಮೈಕ್ ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ರೀಪರ್‌ನಲ್ಲಿ ಪ್ರತಿ ಟ್ರ್ಯಾಕಿಗೂ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಇದೆ. ಒಂದು ಮೈಕಿನದು ಒತ್ತಿ ನೋಡಿ, ಬಿಟ್ಟು ನೋಡಿ. ಯಾವಾಗ ಡಗ್ಗಾ ದಪ್ಪ ಕೇಳುತ್ತದೋ ಹಾಗೇ ಇರಲಿ. ಎರಡು ಮೈಕ್ ಜಗಳ ಆಡುತ್ತಿದ್ದರೆ ಡಗ್ಗಾ ಅರ್ಧ ಅಲ್ಲೇ ಸತ್ತಿರುತ್ತದೆ. ಎರಡು ಸೆಕೆಂಡಿನ ಕೆಲಸ. ನಾನು ಎಷ್ಟೋ ಪೆಂಡಾಲ್ ಆದ ಮೇಲೆ ಕಲಿತದ್ದು.

ಕಂಪ್ರೆಸರ್ ಮೂರು ಬೇಡ, ಒಂದು ಸಾಕು. ಅದಕ್ಕೂ ಮೊದಲು ಕೈಕೆಲಸ: ಹಾಡಿನ ಪ್ರತಿ ಸಾಲು ನೋಡಿ, ಮೈಕಿನಿಂದ ದೂರ ಸರಿದಾಗ ಸಣ್ಣಗಾದ ಮಾತನ್ನು ಎತ್ತಿ, ಪಲ್ಲವಿಯಲ್ಲಿ ಹುರುಪಿಗೆ ಬಂದು ಕೂಗಿದ್ದನ್ನು ಇಳಿಸಿ. ಇಪ್ಪತ್ತು ನಿಮಿಷ ಆಗುತ್ತದೆ, ಬೇಸರದ ಕೆಲಸ. ನೀವು ಪ್ರೂಫ್ ತಿದ್ದುವವರು, ನಿಮಗೆ ಇದು ಹೊಸದಲ್ಲ. ಆಮೇಲೆ ಕಂಪ್ರೆಸರ್ 3:1, ಜೋರಾದ ಜಾಗದಲ್ಲಿ ಅದರ ಮೀಟರಿನ ಮುಳ್ಳು 4-5 ಡಿಬಿ ಇಳಿದರೆ ಸಾಕು. 3:1 ಅಂದರೆ ಗೆರೆ ದಾಟಿ 3 ಡಿಬಿ ಏರಿದ್ದನ್ನು 1 ಮಾಡಿ ಕಳಿಸುತ್ತದೆ, ಅಷ್ಟೇ ಅದರ ಗುಟ್ಟು. ತಬಲಾಕ್ಕೆ ಹಾಕುವುದಿದ್ದರೆ ಅಟ್ಯಾಕ್ (ಕಂಪ್ರೆಸರ್ ಹಿಡಿಯಲು ತೆಗೆದುಕೊಳ್ಳುವ ಹೊತ್ತು) 20-30 ಮಿಲಿಸೆಕೆಂಡ್ ಇರಲಿ. 1ಕ್ಕೆ ಇಟ್ಟರೆ "ನಾ" ಹೊಡೆತದ ಮೊನೆ ಹೋಗಿ, ಗೋಣಿಚೀಲ ಬಡಿದ ಹಾಗೆ ಕೇಳುತ್ತದೆ.

ವಿದ್ಯಾನಗರದ ತಮ್ಮಾ, ನಿನ್ನ ಲೆಕ್ಕ ಸರಿ ಇದೆ. ಆದರೆ "ಮೈನಸ್ 14 ಇಟ್ಟರೆ ಮುಗೀತು" ಅನ್ನುವುದು ಪೂರ್ತಿ ಸರಿ ಅಲ್ಲ. ಯೂಟ್ಯೂಬ್ ಜೋರಿದ್ದದ್ದನ್ನು ಇಳಿಸುತ್ತದೆ, ಸಣ್ಣ ಇದ್ದದ್ದನ್ನು ಏರಿಸುವುದಿಲ್ಲ. ಹಾಗಾಗಿ 14ರ ಹತ್ತಿರ ಇರಲಿ, ಆದರೆ ಆ ಅಂಕಿ ನೋಡಿಕೊಂಡು ಮಿಕ್ಸ್ ಮಾಡಬಾರದು. ಇವರ ಹಾಡು ಬಡಕಲಾದದ್ದು 55% ಮಾಡಿದ್ದಕ್ಕಲ್ಲ. ಲಿಮಿಟರ್‌ನಲ್ಲಿ ಜಜ್ಜಿ ಹೊಡೆತದ ಮೊನೆಯನ್ನೆಲ್ಲ ಚಪ್ಪಟೆ ಮಾಡಿ, ಆಮೇಲೆ ಇಳಿಸಿಕೊಂಡರಲ್ಲ, ಅದಕ್ಕೆ. ಜಜ್ಜದ ಹಾಡು, ಜಜ್ಜಿದ ಹಾಡು ಎರಡನ್ನೂ ಒಂದೇ ಜೋರಿಗೆ ತಂದು ಕೇಳಿದರೆ ಜಜ್ಜದ್ದೇ ಎದ್ದು ನಿಲ್ಲುತ್ತದೆ.

ಕೌದಿ ವಿಷಯಕ್ಕೂ ತಕರಾರು ಇದೆ. ಗಿರಾಕಿ ಬಂದರು, ಸಂಜೆ ಬರೆಯುತ್ತೇನೆ.


ಸಪ್ತಾಪುರ_ಸ್ವರ
(ಸೋಮವಾರ, ಸಂಜೆ 5:30)

ಧಾರವಾಡದಿಂದ. ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಯಂತ್ರದ ವಿಷಯ ಸೌಂಡ್ ಸರ್ವಿಸ್‌ನವರು ಚೆನ್ನಾಗಿ ಹೇಳಿದ್ದಾರೆ, ನಾನು ಪೇಟಿಯ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಮಾಮಾನ ಪೇಟಿಯ ಮುಂದೆ ಎಳೆಯುವ ಗುಂಡಿಗಳು ಇರುತ್ತವಲ್ಲ, ಅವನ್ನು ನೋಡಿ. ಪೇಟಿಯಲ್ಲಿ ರೀಡ್‌ಗಳು ಎರಡು ಸಾಲೋ ಮೂರು ಸಾಲೋ ಇರುತ್ತವೆ: ಖರ್ಜ, ನರ, ಮಾದಿ ಅಂತ. ಕೆಲವು ಪೇಟಿಗೆ ಕಪ್ಲರ್ ಬೇರೆ, ಒಂದು ಕಟ್ಟಿ ಒತ್ತಿದರೆ ಇನ್ನೊಂದು ಸಪ್ತಕದ್ದೂ ತಾನೇ ಒತ್ತುತ್ತದೆ. ನಾಟಕದಲ್ಲಿ ಮೈಕ್ ಇಲ್ಲದ ಕಾಲಕ್ಕೆ ಕೊನೇ ಸಾಲಿನವನಿಗೂ ಕೇಳಬೇಕು ಅಂತ ಎಲ್ಲ ಗುಂಡಿ ಎಳೆದು, ಕಪ್ಲರ್ ಹಾಕಿ ನುಡಿಸುವ ರೂಢಿ. ಅದನ್ನೇ ಮೈಕಿನ ಮುಂದೆ ನುಡಿಸಿದರೆ ನಿಮ್ಮ ದನಿಗೆ ಕೂರಲು ಜಾಗವೇ ಇರುವುದಿಲ್ಲ. ಅದನ್ನು ಇಕ್ಯೂನಲ್ಲಿ ಕೆತ್ತುವುದಕ್ಕಿಂತ ಕಪ್ಲರ್ ತೆಗೆದು, ಒಂದೇ ಸಾಲಿನ ರೀಡ್ ಇಟ್ಟು ಮತ್ತೆ ನುಡಿಸಿ ಅನ್ನುವುದು ಸುಲಭ. (ಮಾಮಾನಿಗೆ ಹೇಳುವುದು ಸುಲಭ ಅಲ್ಲ, ಗೊತ್ತು!)

ಇನ್ನೊಂದು. ಭಜನೆಯಲ್ಲಿ ಪೇಟಿಯವರು ಹಾಡುಗಾರನ ಒಂದೊಂದು ಅಕ್ಷರದ ಮೇಲೂ ಬೆರಳು ಇಡುತ್ತಾರೆ. ನೀವು ಮಾತು ಹಾಡುವಾಗ ಪೇಟಿ ಸುಮ್ನೆ ಷಡ್ಜ-ಪಂಚಮ ಹಿಡಿದಿರಲಿ, ನೀವು ಉಸಿರು ತೆಗೆದುಕೊಳ್ಳುವ ಕಡೆ ಅವರು ಮಾತಾಡಲಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರದ್ದೋ, ನಿಮ್ಮ ಗದಗ ಜಿಲ್ಲೆಯಲ್ಲೇ ಹುಟ್ಟಿದ ಭೀಮಸೇನ ಜೋಶಿಯವರದ್ದೋ ರೆಕಾರ್ಡಿಂಗ್ ಹಾಕಿ ಪೇಟಿ ಒಂದನ್ನೇ ಹುಡುಕಿ ಕೇಳಿ. ದನಿ ಬಿಟ್ಟ ಜಾಗದಲ್ಲಿ ಅದು ಹೇಗೆ ಇಣುಕುತ್ತದೆ, ದನಿ ಬಂದಾಗ ಹೇಗೆ ಹಿಂದೆ ಸರಿಯುತ್ತದೆ ನೋಡಿ. ಆ ಸರಿಯುವುದು ನುಡಿಸುವವರ ಕೈಯಲ್ಲಿದೆ.

ತಬಲಾವನ್ನು ಪೇಟಿಗೆ ಹಚ್ಚಿ ಶ್ರುತಿ ಮಾಡಿದ್ದೀರಿ ತಾನೆ? ಮೊಬೈಲ್ ಆಪ್ ನೋಡಿ ಮಾಡಬೇಡಿ. ಹಳೇ ಪೇಟಿಯ ಕಪ್ಪು ಒಂದು (ಮೊದಲ ಕಪ್ಪು ಕಟ್ಟಿಯ ಸ್ವರ), ಆಪ್‌ನ ಕಪ್ಪು ಒಂದು ಎಷ್ಟೋ ಸಲ ಒಂದೇ ಇರುವುದಿಲ್ಲ. ಶ್ರುತಿ ತಪ್ಪಿದ ತಬಲಾ ಕೇಳಿದಾಗ ಜನ "ಮಿಕ್ಸ್ ಕಲಸುಮೇಲೋಗರ ಆಗಿದೆ" ಅನ್ನುತ್ತಾರೆ, ಶ್ರುತಿ ಅಂತ ಅವರಿಗೆ ಹೊಳೆಯುವುದಿಲ್ಲ.


ಹಾವೇರಿ_ಸೌಂಡ್_ಸರ್ವಿಸ್
(ಸೋಮವಾರ, ರಾತ್ರಿ 9:20)

ಸಪ್ತಾಪುರದ ಅಕ್ಕಾರು ಹೇಳಿದ್ದೇ ಖರೆ ಮದ್ದು. ಅಷ್ಟಾದ ಮೇಲೂ ಪೇಟಿ ಮಾತಿನ ಮೇಲೆ ಬಿದ್ದರೆ, ಪೇಟಿಗೆ 2.5 ಕಿಲೋಹರ್ಟ್ಜ್ ಸುತ್ತ ಅಗಲವಾಗಿ 3 ಡಿಬಿ ಕಡಿಯಿರಿ. ಮಾತು ಬಿಡಿಬಿಡಿಯಾಗಿ ತಿಳಿಯುವುದು ಅಲ್ಲೇ, 2ರಿಂದ 4ರ ನಡುವೆ. ದನಿಯನ್ನು ಏರಿಸುವ ಬದಲು ಅಡ್ಡ ನಿಂತವನನ್ನು ಸರಿಸುವುದು.

ಕೌದಿ. ಕೌದಿ ಹೀರುವುದು ಮೇಲಿನ ಸ್ವರ ಮಾತ್ರ. 100 ಹರ್ಟ್ಜ್‌ನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ, ಒಂದಿಂಚಿನ ಕೌದಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಾಲ್ಕೂ ಗೋಡೆಗೆ ಹೊದಿಸಿದರೆ ಮೇಲಿನದು ಸತ್ತು, ಕೆಳಗಿನ ಗುಂಯ್ ಹಾಗೇ ಉಳಿದು, ದನಿ ಡಬ್ಬಿಯೊಳಗೆ ಕೂತ ಹಾಗೆ ಆಗುತ್ತದೆ. ನಿಮ್ಮ ಕೋಣೆ ಬೇರೆ ಚೌಕ. ಹತ್ತಡಿ ಅಂದರೆ 3 ಮೀಟರ್ ಚಿಲ್ಲರೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಎರಡರಷ್ಟು ಉದ್ದದಿಂದ ಭಾಗಿಸಿದರೆ 56 ಹರ್ಟ್ಜ್ ಬರುತ್ತದೆ, ಆಮೇಲೆ ಅದರ ದುಪ್ಪಟ್ಟು 112. ಉದ್ದಕ್ಕೂ ಅದೇ ಅಂಕಿ, ಅಗಲಕ್ಕೂ ಅದೇ ಅಂಕಿ, ಎರಡೂ ಕೂಡಿ ಆ ಸ್ವರಗಳು ಮೂಲೆಯಲ್ಲಿ ಗುಡುಗುತ್ತವೆ. ಕೋಣೆಯ ನಟ್ಟನಡುವೆ ಕೂತರೆ 56 ಕೇಳುವುದೇ ಇಲ್ಲ. ನೀವು ಕೂರುವುದು ಎಲ್ಲಿ?

ಮೈಕ್‌ನ ಹಿಂದೆ ಕೌದಿ ಬೇಡ, ನಿಮ್ಮ ಬೆನ್ನ ಹಿಂದೆ ಇರಲಿ. ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದೆ ಇರುವುದನ್ನು ಕೇಳುತ್ತದೆ. ಅದರ ಮುಂದೆ ಇರುವುದು ನೀವು ಮತ್ತು ನಿಮ್ಮ ಹಿಂದಿನ ಗೋಡೆ. ಮೂಲೆಗಳಿಗೆ ದಪ್ಪ ಅರಳೆ ಗಾದಿ ಸುತ್ತಿ ನಿಲ್ಲಿಸಿ. ಇಷ್ಟೇ. ಸ್ಪೀಕರ್‌ಗೆ ಈಗ ದುಡ್ಡು ಹಾಕಬೇಡಿ, ಈ ಕೋಣೆಯಲ್ಲಿ ಎಂಥ ಸ್ಪೀಕರ್ ಇಟ್ಟರೂ ಸುಳ್ಳೇ ಹೇಳುತ್ತದೆ.


ಬೆಟಗೇರಿ_ಪ್ರೂಫ್
(ಗುರುವಾರ, ರಾತ್ರಿ 12:10)

ಎಲ್ಲರಿಗೂ ಶರಣು. ಮೂರು ದಿನದ ವರದಿ ಒಪ್ಪಿಸುತ್ತೇನೆ.

ತಪ್ಪೊಪ್ಪಿಗೆ ಮೊದಲು. ಸೌಂಡ್ ಸರ್ವಿಸ್‌ನವರ ಕೌದಿ ಪಾಠ ಓದುವ ಮೊದಲೇ ವಿದ್ಯಾನಗರದ ತಮ್ಮನ ಮಾತು ಕೇಳಿ ಅವ್ವನ ನಾಲ್ಕು ಕೌದಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ. ಅದರಲ್ಲಿ ಒಂದು ಅಜ್ಜಿ ಹೊಲಿದದ್ದು, ಹಳೇ ಇಳಕಲ್ ಸೀರೆಯ ತುಂಡುಗಳದ್ದು. ಅದಕ್ಕೆ ಮೊಳೆ! ಮನೆಯಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ದನಿ ಕೂಡ ಸೌಂಡ್ ಸರ್ವಿಸ್‌ನವರು ಹೇಳಿದ ಹಾಗೇ ಆಯಿತು, ಗೋದಿ ಡಬ್ಬಿಯೊಳಗೆ ತಲೆ ಹಾಕಿ ಹಾಡಿದ ಹಾಗೆ. ಈಗ ಎರಡು ಕೌದಿ (ಅಜ್ಜಿಯದ್ದಲ್ಲ) ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ನನ್ನ ಬೆನ್ನ ಹಿಂದೆ, ಎರಡು ಮೂಲೆಗೆ ಗಾದಿ. ಮೇಜು ನಟ್ಟನಡುವೆಯೇ ಇತ್ತು, ಗೋಡೆ ಕಡೆಗೆ ಸರಿಸಿದೆ. ಅಡುಗೆಮನೆಯ ಬ್ಲೂಟೂತ್ ಸ್ಪೀಕರ್ ತಂದು ತಬಲಾ ಟ್ರ್ಯಾಕ್ ಹಾಕಿಕೊಂಡು ಕುರ್ಚಿ ಹಿಂದೆ ಮುಂದೆ ಎಳೆದರೆ ಡಗ್ಗಾ ಬರುವುದು, ಹೋಗುವುದು. ಇಷ್ಟು ದಿನ ಇದನ್ನು ಗಮನಿಸಿಯೇ ಇರಲಿಲ್ಲ.

ಬರೀ ಫೇಡರ್‌ನಲ್ಲಿ, ಮೊನೊದಲ್ಲಿ, ಸಣ್ಣ ದನಿಯಲ್ಲಿ ಮಾಡಿದೆ. ಹದಿನೈದು ನಿಮಿಷ. ಮೊಬೈಲ್‌ಗೆ ಹಾಕಿ ಕೇಳಿದರೆ, ಎರಡು ವಾರ ಕೂತು ಮಾಡಿದ ಮಿಕ್ಸಿಗಿಂತ ಇದೇ ಎಷ್ಟೋ ಮೇಲು. ಖುಷಿಯೂ ಆಯಿತು, ಸಿಟ್ಟೂ ಬಂತು.

ಫೇಸ್ ಬಟನ್ ಒತ್ತಿದಾಗ ಡಗ್ಗಾ ನಿಜವಾಗಿಯೂ ಎದ್ದು ಕೂತಿತು! ಒಂದೇ ಕ್ಲಿಕ್. ಪಕ್ಕದ ಮನೆ ಹುಡುಗನನ್ನು ಕರೆದು ತೋರಿಸಿದೆ. "ನಾ ಅವತ್ತ ಹೇಳಿದ್ದೆ, ನಾ ಬಾರಿಸಿದ್ದ ಇದಲ್ಲ ಅಂತ" ಅಂದ. ಹೇಳಿದ್ದು ಹೌದು. ನಾನು ಅವನ ಕೈ ಸಾಲದು ಅಂದುಕೊಂಡಿದ್ದೆ.

ಪೇಟಿ ಸಂಗತಿ ಕಷ್ಟದ್ದು. ಮಾಮಾನಿಗೆ ಕಪ್ಲರ್ ತೆಗೀರಿ ಅಂತ ಹೇಳಲು ಎರಡು ದಿನ ಬೇಕಾಯಿತು. ಕೊನೆಗೆ ಸಪ್ತಾಪುರದ ಅಕ್ಕಾರು ಬರೆದದ್ದನ್ನೇ ಓದಿ ಹೇಳಿದೆ. ನಾಟಕದ ಮಾತು ಬಂದ ಕೂಡಲೇ ಅವರ ಮುಖ ಅರಳಿತು, "ಇಕಿ ತಿಳಿದಾಕಿ" ಅಂದರು. ಆಮೇಲೆ ಒಂದು ಗಂಟೆ ಕಂಪನಿ ಕಥೆ. ಅದಾದ ಮೇಲೆ ಗುಂಡಿ ಒಳಗೆ ತಳ್ಳಿ, ನರ ಸಾಲು ಒಂದನ್ನೇ ಇಟ್ಟು ನುಡಿಸಿದರು. ಮಾತಿನ ಮೇಲೆ ಬೆರಳು ಇಡುವುದು ಮಾತ್ರ ಪೂರ್ತಿ ಬಿಡಲಿಲ್ಲ. ಎಪ್ಪತ್ತೊಂದು ವಯಸ್ಸಿನ ಬೆರಳು, ಬಿಡು ಅಂದರೆ ಬಿಡುತ್ತದೆಯಾ.

ಹೊಸ ತೊಂದರೆ ಒಂದು. ಸದ್ದಿಲ್ಲದ ಕಡೆ "ಗುಂಯ್ಯ್" ಅಂತ ಒಂದೇ ಸಮನೆ ಬರುತ್ತಿದೆ. ಫ್ಯಾನ್ ಅಲ್ಲ, ಅದನ್ನು ಆಫ್ ಮಾಡಿಯೇ ಬೆವರು ಸುರಿಸಿಕೊಂಡು ಹಾಡುತ್ತೇನೆ. ಮಗ್ಗವೂ ಅಲ್ಲ. ಏನಿದು?

ಮಾಸ್ಟರಿಂಗ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.


ಹಾವೇರಿ_ಸೌಂಡ್_ಸರ್ವಿಸ್
(ಗುರುವಾರ, ಬೆಳಿಗ್ಗೆ 7:05)

ಗುಂಯ್ಯ್ ಅಂದರೆ ಕರೆಂಟು. 50 ಹರ್ಟ್ಜ್, ಅದರ ಮೇಲೆ 100, 150. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ, ಸದ್ಯಕ್ಕೆ ಅದೇ ಮದ್ದು. ಆಮೇಲೆ ಪುರುಸೊತ್ತಿನಲ್ಲಿ ಮನೆಯ ಅರ್ತಿಂಗ್ ತೋರಿಸಿ. ಹಳೇ ಮನೆಗಳಲ್ಲಿ ಉಪ್ಪು-ಇದ್ದಿಲು ಹಾಕಿದ ಗುಂಡಿ ಒಣಗಿ ಹೆಸರಿಗೆ ಮಾತ್ರ ಇರುತ್ತದೆ. ಯಾರಾದರೂ ಮೂರನೇ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಅಂದರೆ ಕೇಳಬೇಡಿ. ನಮ್ಮ ಧಂದೆಯಲ್ಲಿ ಆ ಬುದ್ಧಿವಂತಿಕೆ ಮಾಡಿ ಮೈಕ್ ಹಿಡಿದು ಶಾಕ್ ಹೊಡೆಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ಮಾಸ್ಟರಿಂಗ್ ಬಗ್ಗೆ ಬೇಕಂತಲೇ ಬಾಯಿ ಬಿಟ್ಟಿರಲಿಲ್ಲ. ನೀವು ಮಿಕ್ಸಿನ ತಪ್ಪನ್ನು ಅಲ್ಲಿ ಮುಚ್ಚಲು ಹೋಗುತ್ತೀರಿ ಅಂತ. ನಿಮ್ಮ ಭಾಷೆಯಲ್ಲೇ ಹೇಳುವುದಾದರೆ ಅದು ಕೊನೇ ಪ್ರೂಫ್. ಅಲ್ಲಿ ಪುಟ ಮತ್ತೆ ಕಟ್ಟುವುದಿಲ್ಲ.

ಮಿಕ್ಸಿನ ಅತಿ ಜೋರಾದ ಜಾಗ ಮೈನಸ್ 6 ಡಿಬಿ ಸುತ್ತ ಇರುವ ಹಾಗೆ 24 ಬಿಟ್ ವೇವ್ ಫೈಲ್ ತೆಗೆಯಿರಿ. ಒಂದು ದಿನ ಅದರ ತಂಟೆಗೆ ಹೋಗಬೇಡಿ. ಮಾರನೇ ದಿನ ಹೊಸ ಪ್ರಾಜೆಕ್ಟಿನಲ್ಲಿ ತೆಗೆದು, ಪಕ್ಕದ ಟ್ರ್ಯಾಕಿನಲ್ಲಿ ನಿಮಗೆ ಇಷ್ಟವಾದ, ಇದೇ ನಮೂನೆಯ ಹಾಡೊಂದನ್ನು ಇಡಿ. ಅದು ನಿಮ್ಮದಕ್ಕಿಂತ ಜೋರಿರುತ್ತದೆ. ಎರಡೂ ಒಂದೇ ಜೋರು ಅನಿಸುವವರೆಗೆ ಅದನ್ನು ಇಳಿಸಿ. ಇದನ್ನು ಮರೆತರೆ ಹೋಲಿಕೆಯೇ ದಂಡ, ಕಿವಿಗೆ ಜೋರಿದ್ದದ್ದೇ ಚೆಂದ ಕಾಣುತ್ತದೆ. ಆಮೇಲೆ ಅದು, ಇದು, ಅದು, ಇದು ಅಂತ ತಿರುವಿ ಕೇಳಿ. ನಿಮ್ಮದರಲ್ಲಿ 300 ಹರ್ಟ್ಜ್ ಸುತ್ತ ಮಬ್ಬು ಇದೆಯಾ, ಮೇಲೆ ಮಂಕಾಗಿದೆಯಾ? ಒಂದು ಡಿಬಿ ಅತ್ತ ಇತ್ತ. ಮೂರು ಡಿಬಿ ಬೇಕು ಅನಿಸಿದರೆ ಮಿಕ್ಸಿಗೆ ವಾಪಸ್ ಹೋಗಿ, ತಪ್ಪು ಅಲ್ಲೇ ಇದೆ.

ಕೊನೆಗೆ ಲಿಮಿಟರ್. ಸೀಲಿಂಗ್ (ದಾಟಬಾರದ ಮಿತಿ) ಮೈನಸ್ 1 ಡಿಬಿ, ಟ್ರೂ ಪೀಕ್ (ಅಲೆಯ ನಿಜವಾದ ತುದಿ ಅಳೆಯುವುದು) ಆನ್. ಯೂಟ್ಯೂಬ್ ನಿಮ್ಮ ಫೈಲನ್ನು ಮತ್ತೆ ಕುಗ್ಗಿಸುವಾಗ ಕೆಲವು ಮೊನೆ ಮೇಲೆ ಚಿಮ್ಮುತ್ತವೆ, ಅವಕ್ಕೆ ಆ ಒಂದು ಡಿಬಿ ಜಾಗ. ಲಿಮಿಟರ್ 2-3 ಡಿಬಿಗಿಂತ ಜಾಸ್ತಿ ಕಚ್ಚಬಾರದು. ಎಲ್‌ಯುಎಫ್‌ಎಸ್ ಎಷ್ಟು ಬಂತೋ ಬರಲಿ.


ವಿದ್ಯಾನಗರ_ಬೀಟ್ಸ್
(ಗುರುವಾರ, ಬೆಳಿಗ್ಗೆ 9:30)

ಕೌದಿಗೆ ಸಾರಿ ಅಣ್ಣಾ. ಅಜ್ಜಿ ಕೌದಿ ಅಂತ ನನಗೇನು ಗೊತ್ತು.

ನನ್ನ ರೂಮ್ ಕೇಶ್ವಾಪುರದ ಕಡೆಗಿದ್ದಾಗ ಪ್ರತಿ ಟೇಕಿನಲ್ಲೂ ರೈಲು ಹಾರ್ನ್. ಕೌದಿ ಹಾಕಿದ್ದು ಆಗ, ರೈಲಿಗೇನೂ ಆಗಲಿಲ್ಲ ಅನ್ನುವುದು ನಿಜ. ಹೊರಗಿನ ಸದ್ದು ತಡೆಯುವುದು, ಒಳಗಿನ ಪ್ರತಿಧ್ವನಿ ಹೀರುವುದು ಎರಡೂ ಬೇರೆ ಅಂತ ಈಗ ಅರ್ಥ ಆಯಿತು. ಸೌಂಡ್ ಸರ್ವಿಸ್ ಅಣ್ಣಾರಿಗೆ ಥ್ಯಾಂಕ್ಸ್. ನನ್ನ ಬೀಟ್ಸ್‌ನಲ್ಲಿ ಕಿಕ್ ಮೊಬೈಲ್‌ನಲ್ಲಿ ಬರುತ್ತಿರಲಿಲ್ಲ, ಸ್ಯಾಚುರೇಶನ್ ಹಾಕಿದೆ, ಬಂತು.


ಬೆಟಗೇರಿ_ಪ್ರೂಫ್
(ಮೂರು ವಾರದ ನಂತರ, ಶನಿವಾರ ಸಂಜೆ)

ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತಿತು. ಲ್ಯಾಪ್‌ಟಾಪ್ ಹಳೇದು, ಬ್ಯಾಟರಿ ಐವತ್ತು ನಿಮಿಷ. ಹಾಗಾಗಿ ಈಗ ನಮ್ಮಲ್ಲಿ ಟೇಕ್ ಲೆಕ್ಕ ಇಲ್ಲ, ಬ್ಯಾಟರಿ ಲೆಕ್ಕ. ಮೂವತ್ತು ಪರ್ಸೆಂಟಿಗೆ ಬಂತು ಅಂದರೆ ಮಾಮಾ ತಾವೇ ಅವಸರ ಮಾಡುತ್ತಾರೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯಿತು.

ಹೊಸ ಮಿಕ್ಸ್ ಮುಗಿಯಿತು. ದನಿಗೆ ಒಂದೇ ಕಂಪ್ರೆಸರ್. ಸಾಲು ಸಾಲು ತಿದ್ದಿದ್ದು ಇಪ್ಪತ್ತಲ್ಲ, ಎಪ್ಪತ್ತು ನಿಮಿಷ. ಪೇಟಿಗೆ 3 ಕಡಿಯುವುದು ಬೇಕಾಗಲಿಲ್ಲ, ಒಂದೂವರೆ ಸಾಕಾಯಿತು. ಮಾಸ್ಟರ್ ಮೈನಸ್ 14.6 ಬಂತು, ಹಾಗೇ ಬಿಟ್ಟೆ. ಚಹಾದಂಗಡಿ, ಗೆಳೆಯನ ಕಾರು, ನನ್ನ ಹೆಂಡತಿ ರೊಟ್ಟಿ ಬಡಿಯುವಾಗ ಅಡುಗೆಮನೆಯ ಬ್ಲೂಟೂತ್ ಡಬ್ಬಿ, ಮೂರೂ ಕಡೆ ಹಾಕಿದೆ. ಬಡಿಯುವ ಸದ್ದಿನ ನಡುವೆಯೂ ಆಕೆಗೆ ಮಾತು ತಿಳಿಯಿತು. "ಎರಡನೇ ನುಡಿಯಲ್ಲಿ ಒಂದು ಅಕ್ಷರ ನುಂಗೀರಿ" ಅಂದಳು. ಹೌದು, ನುಂಗಿದ್ದೇನೆ. ಅದು ಮಿಕ್ಸಿನ ತಪ್ಪಲ್ಲ.

ಮಾಮಾ ಚಹಾದಂಗಡಿಯಲ್ಲಿ ಮೊದಲಿಂದ ಕೊನೆತನಕ ಕೇಳಿ, "ಪೇಟಿ ಒಂಚೂರು ಏರಿಸು" ಅಂದರು. ಅರ್ಧ ಡಿಬಿ ಏರಿಸಿ, ಎರಡು ಏರಿಸಿದ್ದೇನೆ ಅಂತ ಹೇಳಿದ್ದೇನೆ. ಈಗ ಸರಿಹೋಯಿತಂತೆ.

ಉಳಿದದ್ದು ಒಂದು: ಹಾಡಿನಲ್ಲಿ "ಸ", "ಶ" ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗೆ. 7 ಕಿಲೋಹರ್ಟ್ಜ್‌ನಲ್ಲಿ ಕಡಿದರೆ ಚುಚ್ಚುವುದು ಹೋಗುತ್ತದೆ, ಜೊತೆಗೆ ಹಾಡಿನ ಜೀವವೂ ಹೋಗುತ್ತದೆ.


ಸಪ್ತಾಪುರ_ಸ್ವರ
(ಶನಿವಾರ, ರಾತ್ರಿ 8:00)

ಮಾಮಾನಿಗೆ ನನ್ನ ನಮಸ್ಕಾರ ಹೇಳಿ. ಅರ್ಧ ಡಿಬಿ ಸುದ್ದಿ ಅವರ ತನಕ ಹೋಗದಿರಲಿ.

ಮೈಕಿಗೆ ನೇರ ಬಾಯಿ ಕೊಟ್ಟು ಹಾಡಬೇಡಿ. ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ, ಸ್ವಲ್ಪ ಕೆಳಗೆ ಬಾಗಿಸಿ, ಒಂದು ಗೇಣು ದೂರ ನಿಲ್ಲಿ. "ಸ"ದ ಗಾಳಿ ಮೈಕಿನ ಕೆಳಗಿಂದ ಹಾದುಹೋಗುತ್ತದೆ. ಆಮೇಲೂ ಉಳಿದರೆ ಆ ಒಂದೊಂದು "ಸ"ವನ್ನು ಮಾತ್ರ ಹಿಡಿದು 4-5 ಡಿಬಿ ಇಳಿಸಿ. ಇಡೀ ಹಾಡಿಗೆ 7 ಕಿಲೋಹರ್ಟ್ಜ್ ಕಡಿಯುವುದು ಯಾಕೆ?


ಬೆಟಗೇರಿ_ಪ್ರೂಫ್
(ಶನಿವಾರ, ರಾತ್ರಿ 8:20)

ಒಟ್ಟು ಮೂವತ್ತೊಂದು "ಸ" ಇವೆ, ಈಗಷ್ಟೇ ಎಣಿಸಿದೆ. ಮಗ್ಗ ಇನ್ನೂ ನಡೆಯುತ್ತಿದೆ. ಒಂಬತ್ತಾಗಲಿ, ಮೈಕ್ ಏರಿಸಿ ಇನ್ನೊಮ್ಮೆ ಹಾಡಿ ನೋಡುತ್ತೇನೆ. ಬ್ಯಾಟರಿ ಫುಲ್ ಇದೆ. ಆ ನುಂಗಿದ ಅಕ್ಷರವನ್ನೂ ಇದೇ ಟೇಕಿನಲ್ಲಿ ಹೊರಗೆ ತರಬೇಕು.